ಹೆರಿಗೆಯ ದಫ್ತರ

ಕಪಿಲೆಗೆ ಅಡ್ಡಲಾಗಿ ಕಟ್ಟಿ 1974ರಲ್ಲಿ ಪೂರೈಸಿದ ಕಬಿನಿ ಅಣೆಕಟ್ಟೆಗೆ ನೆಲೆಯನ್ನು ಒದಗಿಸಿ ತಾನು ಮಾತ್ರ ಬಹುಮಟ್ಟಿಗೆ ಹಿಂದಿದ್ದಂತೆಯೇ ಉಳಿದುಕೊಂಡಿರುವ ಬೀಚನಹಳ್ಳಿಯಲ್ಲಿ, ಒಂದು ಮನೆಯ ಜಗಲಿಯ ಮೇಲೆ ಹೆಂಗಸರ ಹೃದ್ರೋಗವನ್ನು ಕುರಿತು ನಡೆದ ಮಾತುಕತೆಯಿದು. ಮಾತನಾಡಿದವರು ಇಬ್ಬರು: ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ ಅತ್ತಿಗೆ, ಮೈಸೂರಿನಲ್ಲಿ ವೈದ್ಯವೃತ್ತಿಯನ್ನು ನಡೆಸಿ ಈಗ ವಿಶ್ರಾಂತನಾಗಿರುವ ಮೈದುನ. ಆಕೆ ಈ ಮನೆಗೆ ಸೊಸೆಯಾಗಿ ಬಂದ ಕಾಲಕ್ಕೆ ಈತ ಇನ್ನೂ ಮಾಧ್ಯಮಿಕ ಶಾಲೆಯ ಹುಡುಗನಾಗಿದ್ದನಾದ ಕಾರಣ, ಮುಂದೆ ಸಂಪಾದಿಸಿದ ಪದವಿಗಳಾಗಲಿ ನರೆತ ತಲೆಯಾಗಲಿ ಆಕೆಯ ಬಾಯಲ್ಲಿ ಈತನಿಗೆ ಬಹುವಚನವನ್ನು ದೊರಕಿಸಿಕೊಡಲಿಲ್ಲ. ಹೆಸರುಗಳಿಂದ ಓದುಗರಿಗೆ ಪ್ರಯೋಜನವಿಲ್ಲ, ಬಿಟ್ಟಿದ್ದೇನೆ.

ಅತ್ತಿಗೆ: ನಿನ್ನ ಶಾಸ್ತ್ರ ಏನನ್ನೇ ಹೇಳಲಿ ಕಣಪ್ಪ, ಊರಿನ ಅನುಭವ ಹೇಳುವುದು ಬೇರೆ. ಎದೆ ಹಿಡಿದುಕೊಂಡು ಬಿದ್ದವರೆಂದು ನಾವು ಬಲ್ಲವರೆಲ್ಲ ಗಂಡಸರೇ. 2025ರ ಮುಂಗಾರಿನಲ್ಲಿ, ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಮಿಕ್ಕ ಜನ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮುನ್ನವೇ ಜನ ಸಾಲುಗಟ್ಟಿ ನಿಂತರಲ್ಲ, ಆಗ ನಮ್ಮ ಬೀದಿಯಿಂದಲೂ ಮೊದಲನೆಯ ಬಸ್ಸು ಹಿಡಿದವರುಂಟು. ಹೋದವರು ಗಂಡಸರು, ಅವರಿಗೆ ಬುತ್ತಿ ಕಟ್ಟಿಕೊಟ್ಟವರು ಹೆಂಗಸರು. ನಮಗೂ ಒಂದು ಎದೆಯಿದೆ, ಅದನ್ನೂ ಒಮ್ಮೆ ತೋರಿಸಿಕೊಂಡು ಬರೋಣವೆಂಬ ಯೋಚನೆ ಬುತ್ತಿ ಕಟ್ಟಿದವರಲ್ಲಿ ಒಬ್ಬಳಿಗಾದರೂ ಬಂದಂತೆ ಕಾಣಲಿಲ್ಲ.

ಮೈದುನ: ನಿಮಗೆ ಬಂದಿತ್ತೆ?

ಅತ್ತಿಗೆ: ಬುತ್ತಿ ಕಟ್ಟಿದವರಲ್ಲಿ ನಾನೂ ಒಬ್ಬಳು. ಸುಮ್ಮನೆ ಕೆಣಕಬೇಡ; ಉತ್ತರ ಹೇಳು.

ಮೈದುನ: ನೀವು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ, ಅತ್ತಿಗೆ, ಪೂರ್ಣ ಸುಳ್ಳಾಗಿದ್ದರೆ ಅದನ್ನು ಕಳೆಯುವುದು ಇಷ್ಟು ಪ್ರಯಾಸವಾಗುತ್ತಿರಲಿಲ್ಲ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಸಂಶೋಧನೆಯಲ್ಲಿ 52 ದೇಶಗಳ ರೋಗಿಗಳನ್ನು ಪರಿಶೀಲಿಸಿದರು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಅದರಲ್ಲಿ ಕೈಜೋಡಿಸಿದ್ದರು. ಮೊದಲನೆಯ ಹೃದಯಾಘಾತವು ಹೆಂಗಸರಿಗೆ ಗಂಡಸರಿಗಿಂತ ಸರಾಸರಿ ಒಂಬತ್ತು ವರ್ಷ ತಡವಾಗಿ ಬರುತ್ತದೆಂಬುದು ಅಲ್ಲಿ ಕಂಡುಬಂದ ಸಂಗತಿಗಳಲ್ಲೊಂದು. ನಿಮ್ಮ ಊರಿನ ಅನುಭವಕ್ಕೆ ಆಧಾರ ಇದು. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿದೆ: ನಮ್ಮ ಭಾಗದ ಜನಕ್ಕೆ ಈ ಆಘಾತವು ಮಿಕ್ಕ ದೇಶಗಳವರಿಗಿಂತ ಐದಾರು ವರ್ಷ ಮುಂಚೆಯೇ ಒದಗುತ್ತದೆ. ಹೊಗೆಸೊಪ್ಪು, ರಕ್ತದ ಕೊಬ್ಬಿನ ಏರುಪೇರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಮೊದಲಾದ ಒಂಬತ್ತು ಕಾರಣಗಳು ಸೇರಿ ಗಂಡಸರ ಹೃದಯಾಘಾತದ ನೂರಕ್ಕೆ 90 ಪಾಲನ್ನು ವಿವರಿಸಿದರೆ, ಹೆಂಗಸರ ಹೃದಯಾಘಾತದ 94 ಪಾಲನ್ನು ವಿವರಿಸುತ್ತವೆ. ಅರ್ಥಾತ್, ಹೆಂಗಸಿನ ಕಾಯಿಲೆ ಬೇರೊಂದು ನಿಗೂಢ ಕಾಯಿಲೆಯಲ್ಲ. ಸಕ್ಕರೆಯೂ ರಕ್ತದೊತ್ತಡವೂ ಅವಳ ಧಮನಿಗಳಿಗೆ ಮಾಡುವ ಹಾನಿ ಗಂಡಸಿಗೆ ಮಾಡುವುದಕ್ಕಿಂತ ಹೆಚ್ಚು. ಸಕ್ಕರೆ ಕಾಯಿಲೆ ಹೊಕ್ಕ ಹೆಣ್ಣಿಗೆ ಪ್ರಕೃತಿ ಕೊಟ್ಟಿದ್ದ ಆ ಒಂಬತ್ತು ವರ್ಷದ ವಾಯಿದೆ ಬಹುಪಾಲು ರದ್ದಾದಂತೆಯೇ.

ಅತ್ತಿಗೆ: ಧಮನಿ ಎಂದೆಯಲ್ಲ, ಅದರಲ್ಲಿ ಬ್ಲಾಕು ಆಗುವುದೆಂದರೆ ನಮ್ಮ ಬಲದಂಡೆ ಕಾಲುವೆಯಲ್ಲಿ ಹೂಳು ಕೂರುವ ಹಾಗೆ ಎಂದು ನಾನು ತಿಳಿದಿದ್ದೇನೆ. ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರಿಲ್ಲ. ಹೂಳೆತ್ತಿದರೆ ಮತ್ತೆ ನೀರು. ತಪ್ಪೇ?

ಮೈದುನ: ಗಂಡಸರ ವಿಚಾರದಲ್ಲಿ ಆ ಉಪಮಾನ ಹೇಗೋ ಕುಂಟಿಕೊಂಡು ನಡೆದೀತು, ಹೆಂಗಸರ ವಿಚಾರದಲ್ಲಿ ಅದು ದಾರಿಯನ್ನೇ ತಪ್ಪಿಸುತ್ತದೆ. ಹೂಳು ನೀರಿನಿಂದ ಇಳಿದು ಕಾಲುವೆಯ ತಳದ ಮೇಲೆ ಕೂರುತ್ತದೆ. ಧಮನಿಯಲ್ಲಿ ಕೊಬ್ಬು ಸೇರಿಕೊಳ್ಳುವುದು ಗೋಡೆಯ ಒಳಕ್ಕೆ. ಧಮನಿಯ ಒಳಮೈಗೆ ಒಂದೇ ಒಂದು ಪದರ ಜೀವಕೋಶಗಳ ಹೊದಿಕೆಯಿದೆ. ಒತ್ತಡ, ಸಕ್ಕರೆ, ಹೊಗೆ ಇವುಗಳ ನಿತ್ಯೋಪದ್ರವದಿಂದ ಆ ಹೊದಿಕೆಯ ಕಾವಲು ಎಲ್ಲಿ ಸಡಿಲವಾಯಿತೋ ಅಲ್ಲಿ ಎಲ್‌ಡಿಎಲ್ ಎಂಬ ಕೊಲೆಸ್ಟರಾಲ್ ಕಣಗಳು ಒಳನುಸುಳಿ, ಅವನ್ನು ತೊಡೆಯಲೆಂದು ಹಿಂದೆಯೇ ನುಗ್ಗಿದ ಬಿಳಿಯ ರಕ್ತಕಣಗಳು ನುಂಗಿದ್ದನ್ನು ಅರಗಿಸಿಕೊಳ್ಳಲಾರದೆ ಕೊಬ್ಬಿನ ನೊರೆ ತುಂಬಿಕೊಂಡು ಅಲ್ಲಿಯೇ ಸತ್ತು, ಸತ್ತ ಕೋಶ, ಕೊಬ್ಬು, ಮೇಲೊಂದು ನಾರಿನ ಪೊರೆ, ಕಾಲಕ್ರಮದಲ್ಲಿ ಒಂದಿಷ್ಟು ಸುಣ್ಣ, ಇವೆಲ್ಲವೂ ಕೂಡಿ ಆದ ಉಬ್ಬನ್ನು ನಾವು ಪ್ಲಾಕ್ ಎನ್ನುತ್ತೇವೆ. ವಿಚಿತ್ರವೇನೆಂದರೆ, ಗೋಡೆ ದಪ್ಪವಾಗುತ್ತ ಬಂದಂತೆ ಧಮನಿಯು ಹೊರಮುಖವಾಗಿ ಹಿಗ್ಗಿಕೊಂಡು ಒಳಗಿನ ದಾರಿಯನ್ನು ಬಹುಕಾಲ ಬಿಟ್ಟುಕೊಡುತ್ತದೆ. ಷಿಕಾಗೋದ ಗ್ಲಾಗೋವ್ ಎಂಬ ರೋಗಶಾಸ್ತ್ರಜ್ಞನು 1987ರಲ್ಲಿ ತೋರಿಸಿಕೊಟ್ಟಂತೆ, ಪ್ಲಾಕ್ ಸುಮಾರು ನೂರಕ್ಕೆ 40ರಷ್ಟು ಸ್ಥಳವನ್ನು ಆಕ್ರಮಿಸುವ ತನಕ ದಾರಿ ಕಿರಿದಾಗುವುದೇ ಇಲ್ಲ.

ಅತ್ತಿಗೆ: ಇದರಲ್ಲಿ ಹೆಂಗಸರ ಪ್ರತ್ಯೇಕತೆ ಏನು ಬಂತು?

ಮೈದುನ: ಗಂಡಸಿನಲ್ಲಿ ಸಾಮಾನ್ಯವಾಗಿ ಪ್ಲಾಕ್ ಒಂದು ಕಡೆ ಗಂಟಾಗಿ ನಿಂತು, ಪೊರೆ ಹರಿದು, ಒಳಗಿನ ಕೊಬ್ಬು ರಕ್ತಕ್ಕೆ ತಗಲಿ, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಹೆಂಗಸಿನಲ್ಲಿಯೂ ಹೀಗಾಗುವುದುಂಟು. ಆದರೆ ಅವಳ ಧಮನಿಗಳು ಮೊದಲೇ ಸಣ್ಣವು. ಪ್ಲಾಕ್ ಒಂದೆಡೆ ಗಂಟಾಗದೆ ಉದ್ದಕ್ಕೂ ತೆಳುವಾಗಿ ಹರಡಿಕೊಳ್ಳುವುದು ಅವಳಲ್ಲಿ ಹೆಚ್ಚು. ವಿಶೇಷತಃ ಇನ್ನೂ ಮುಟ್ಟು ನಿಲ್ಲದ ವಯಸ್ಸಿನವರಲ್ಲಿ ಪೊರೆ ಹರಿಯುವ ಬದಲಿಗೆ ಮೇಲಣ ಹೊದಿಕೆ ಮಾತ್ರ ಸವೆದುಹೋಗಿ, ಸವೆದೆಡೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇನ್ನು ಕೆಲವರಲ್ಲಿ ದೊಡ್ಡ ಧಮನಿಗಳು ಚೊಕ್ಕವಾಗಿಯೇ ಇದ್ದು, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕವಲುಗಳು ಬೇಕಾದಾಗ ಹಿಗ್ಗಲಾರದೆ ಹೃದಯದ ಸ್ನಾಯು ಹಸಿದು ನರಳುತ್ತದೆ. ಆಂಜಿಯೋಗ್ರಾಂ ತೋರಿಸುವುದು ರಕ್ತ ಹರಿಯುವ ದಾರಿಯನ್ನೇ ಹೊರತು ಗೋಡೆಯನ್ನಲ್ಲ. ಸೂಕ್ಷ್ಮ ಕವಲುಗಳನ್ನಂತೂ ಅಲ್ಲವೇ ಅಲ್ಲ.

ಅತ್ತಿಗೆ: ತಾಳು. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬಳಿದ್ದಾಳೆ, ನಲವತ್ತೆಂಟೋ ಐವತ್ತೋ. ಹುಲ್ಲಿನ ಹೊರೆ ಹೊತ್ತು ಏರಿ ಬಂದರೆ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆಂದು ಹೇಳಿಕೊಳ್ಳುತ್ತಿದ್ದಳು. ಸಾಲ ಮಾಡಿ ಪಟ್ಟಣಕ್ಕೆ ಕರೆದುಕೊಂಡು ಹೋಗಿ ಆಂಜಿಯೋಗ್ರಾಂ ಮಾಡಿಸಿದರು. ಏನೂ ಇಲ್ಲ, ಎಲ್ಲ ಕ್ಲಿಯರ್ ಇದೆ, ಇದು ಟೆನ್ಷನ್ ಎಂದು ಹೇಳಿ ನಿದ್ದೆಯ ಮಾತ್ರೆ ಬರೆದುಕೊಟ್ಟರಂತೆ. ಅಂದಿನಿಂದ ಅವಳು ಎದೆನೋವು ಎಂದರೆ ಮನೆಯಲ್ಲಿ ನಗುತ್ತಾರೆ. ಅವಳೂ ಹೇಳುವುದನ್ನು ಬಿಟ್ಟಿದ್ದಾಳೆ.

ಮೈದುನ: ಅವಳ ಕಾಯಿಲೆ ಇಂಥದೇ ಎಂದು ನಾನು ಕಾಣದೆ ಹೇಳಲಾರೆ. ಆದರೆ ಅಮೆರಿಕದಲ್ಲಿ 1996ರಿಂದ ಮೊದಲುಮಾಡಿ, ಎದೆನೋವೆಂದು ಆಂಜಿಯೋಗ್ರಾಂಗೆ ಬಂದ ಹೆಂಗಸರನ್ನೇ ಆರಿಸಿಕೊಂಡು ವರ್ಷಾನುಗಟ್ಟಲೆ ಅನುಸರಿಸಿದ ವೈಸ್ ಎಂಬ ಅಧ್ಯಯನವೊಂದು ನಡೆಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದೊಡ್ಡ ಬ್ಲಾಕು ಇರಲಿಲ್ಲ. ಬ್ಲಾಕು ಇಲ್ಲದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸೂಕ್ಷ್ಮ ಕವಲುಗಳ ದೋಷವಿತ್ತು. ಮುಂದಿನ ವರ್ಷಗಳಲ್ಲಿ ಅವರು ನಿರೋಗಿಗಳಂತೆ ಸುಖವಾಗಿಯೂ ಇರಲಿಲ್ಲ. ಆದ್ದರಿಂದ ಕ್ಲಿಯರ್ ಎಂಬ ಮಾತನ್ನು ಕೇಳಿದ ಬಳಿಕವೂ ಅವಳ ಒತ್ತಡ, ಸಕ್ಕರೆ, ಕೊಲೆಸ್ಟರಾಲನ್ನು ನೋಡಿ ಔಷಧ ಕೊಡಬೇಕಾದವರು ಕೊಡಬೇಕು. ನಗುವುದಂತೂ ಸಲ್ಲದು.

ಅತ್ತಿಗೆ: ನಿನ್ನ ಅಮೆರಿಕ ಅಲ್ಲಿರಲಿ. ನಮ್ಮ ಕಡೆಯ ಹೆಂಗಸರನ್ನು ಯಾರಾದರೂ ಹೀಗೆ ಕೂರಿಸಿಕೊಂಡು ಕೇಳಿದ್ದುಂಟೆ?

ಮೈದುನ: ಉಂಟು, ಅದಕ್ಕಾಗಿ ಮೈಸೂರನ್ನು ದಾಟಿ ಹೋಗಬೇಕಾಗಿಲ್ಲ. ನೀವು ಹುಟ್ಟಿದ್ದು ಮಿಷನ್ ಆಸ್ಪತ್ರೆಯಲ್ಲಿ ಅಲ್ಲವೆ?

ಅತ್ತಿಗೆ: ಹೌದು. ನಮ್ಮಮ್ಮ ಕೊನೆಯ ತನಕ ಹೇಳುತ್ತಿದ್ದರು: ಬಿಳಿಯ ಸೀರೆಯ ದಾದಿಯೊಬ್ಬಳು ನನ್ನನ್ನು ತಕ್ಕಡಿಯಲ್ಲಿ ಮಲಗಿಸಿ, ಐದು ಪೌಂಡು ಎಂದು ಕೂಗಿ, ದೊಡ್ಡ ಪುಸ್ತಕವೊಂದರಲ್ಲಿ ಬರೆದುಕೊಂಡಳಂತೆ. ಐದೇ ಪೌಂಡು ಎಂದು ನಮ್ಮಜ್ಜಿ ಮುಖ ಸಣ್ಣಗೆ ಮಾಡಿದರಂತೆ. ಅದು ತೂಕಕ್ಕೋ ಹೆಣ್ಣು ಎಂಬುದಕ್ಕೋ ನಮ್ಮಮ್ಮನಿಗೂ ಗೊತ್ತಾಗಲಿಲ್ಲ.

ಮೈದುನ: ಆ ದೊಡ್ಡ ಪುಸ್ತಕದ ಕಥೆಯನ್ನೇ ನಾನು ಹೇಳಬೇಕೆಂದಿದ್ದೆ. ನೀವು ಹುಟ್ಟಿದ ಆ ಮಿಷನ್ ಆಸ್ಪತ್ರೆ, ಎಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು, 1906ರಲ್ಲಿ ಸ್ತ್ರೀಯರಿಗೂ ಶಿಶುಗಳಿಗೂ ಎಂದು ಆರಂಭವಾದದ್ದು. 1934ರಿಂದ ಆಚೆಗೆ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ, ಜೊತೆಗೆ ತಾಯಿಯ ತೂಕ, ಇವುಗಳನ್ನು ದಾದಿಯರು ಬರೆದಿಟ್ಟಿದ್ದ ದಫ್ತರಗಳು ಉಳಿದುಬಂದವು. ಮುಂದೆ ಯಾರಾದರೂ ಇವನ್ನು ತೆರೆದು ನೋಡುವರೆಂಬ ಕಲ್ಪನೆಯೂ ಬರೆದವರಿಗೆ ಇದ್ದಿರಲಾರದು. ಎಷ್ಟೋ ವರ್ಷಗಳ ಮೇಲೆ ಇಂಗ್ಲೆಂಡಿನ ಸೌತ್‌ಹ್ಯಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯನು, ಹುಟ್ಟಿದಾಗ ಸಣ್ಣಗಿದ್ದ ಮಕ್ಕಳೇ ಮುಂದೆ ಹೃದ್ರೋಗಕ್ಕೆ ಹೆಚ್ಚಾಗಿ ತುತ್ತಾಗುತ್ತಾರೆಂಬ ವಿಲಕ್ಷಣ ಸಿದ್ಧಾಂತವನ್ನು ಹಿಡಿದುಕೊಂಡು, ತನ್ನ ದೇಶದ ಹಳೆಯ ಹೆರಿಗೆ ದಫ್ತರಗಳಿಗಾಗಿ ಉಗ್ರಾಣಗಳನ್ನೆಲ್ಲ ಶೋಧಿಸುತ್ತಿದ್ದ. ಅವನ ಬಳಗದವರಿಗೆ ಮೈಸೂರಿನ ಈ ಪುಸ್ತಕಗಳ ಸುಳಿವು ಸಿಕ್ಕಿತು. 1934ರಿಂದ 1954ರ ತನಕ ಅಲ್ಲಿ ಹುಟ್ಟಿ, ಇನ್ನೂ ಆಸ್ಪತ್ರೆಯ ಸುತ್ತಮುತ್ತಲೇ ವಾಸವಾಗಿದ್ದ 517 ಮಂದಿ ಸ್ತ್ರೀಪುರುಷರನ್ನು ಹುಡುಕಿ ಕರೆತಂದು ಇಸಿಜಿ ಮಾಡಿ ಪರೀಕ್ಷಿಸಿದರು. ಆ ವರದಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು.

ಅತ್ತಿಗೆ: ಏನು ಕಂಡರು?

ಮೈದುನ: ಹೃದಯದ ಧಮನಿರೋಗ ಕಂಡುಬಂದವರು ಗಂಡಸರಲ್ಲಿ 25, ಹೆಂಗಸರಲ್ಲಿ 27. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುತ್ತೇನೆ, ಹೆಂಗಸರಲ್ಲಿ 27. ಹುಟ್ಟಿದಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಕಾಯಿಲೆ; ಏಳು ಪೌಂಡು ಅಥವಾ ಅದಕ್ಕೂ ಮೇಲಿದ್ದವರಲ್ಲಿ ನೂರಕ್ಕೆ 3 ಮಂದಿಗೆ. ಅತ್ಯಧಿಕವಾಗಿ, ನೂರಕ್ಕೆ 20ರಂತೆ, ಕಾಯಿಲೆ ಕಂಡದ್ದು ಯಾರಲ್ಲಿ ಎಂದರೆ, ತಾವೂ ಐದೂವರೆ ಪೌಂಡಿನೊಳಗೆ ಹುಟ್ಟಿ, ತಮ್ಮ ತಾಯಂದಿರೂ ಬಸುರಿನಲ್ಲಿ 45 ಕಿಲೋ ತೂಗದಿದ್ದವರಲ್ಲಿ. ಮೊಮ್ಮಗಳ ಧಮನಿಯ ಲೆಕ್ಕ ಅಜ್ಜಿಯ ಅಡುಗೆಮನೆಯಲ್ಲಿ, ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಎಷ್ಟು ಉಳಿಯಿತು ಎಂಬುದರಿಂದ ಆರಂಭವಾಗುತ್ತದೆಂದು ನಾನು ಹೇಳಿದರೆ ನೀವು ಅತಿಶಯೋಕ್ತಿ ಎನ್ನಬಾರದು.

ಅತ್ತಿಗೆ: ಅತಿಶಯೋಕ್ತಿ ಎನ್ನುವುದಿಲ್ಲ, ಆದರೆ ನಾನು ಐದು ಪೌಂಡಿನವಳು, ಎಪ್ಪತ್ತು ದಾಟಿ ಗುಂಡುಕಲ್ಲಿನ ಹಾಗೆ ಕೂತಿದ್ದೇನೆ.

ಮೈದುನ: ಇರಿ, ನೂರರಲ್ಲಿ 11 ಎಂದರೆ ಮಿಕ್ಕ 89 ಮಂದಿ ಕೂತಿದ್ದಾರೆ ಎಂದೂ ಅರ್ಥ. ಇದು ಸಂಭವದ ಶಾಸ್ತ್ರ. ಆ ದಫ್ತರಗಳಲ್ಲಿ ಸಕ್ಕರೆ ಕಾಯಿಲೆಯ ವಿಚಾರ ನೋಡಿದಾಗ ಇನ್ನೂ ಒಂದು ಸೋಜಿಗ ಕಂಡಿತು. ಅದು ಹೆಚ್ಚಾಗಿದ್ದದ್ದು ಸಣ್ಣ ಕೂಸುಗಳಲ್ಲಲ್ಲ. ಗಿಡ್ಡಗೆ ದುಂಡಗೆ ಹುಟ್ಟಿದ, ತೂಕದ ತಾಯಂದಿರ ಮಕ್ಕಳಲ್ಲಿ. ತಾಯಿಗೆ ಬಸುರಿನಲ್ಲಿ ಸಕ್ಕರೆ ಏರಿದ್ದಿರಬೇಕೆಂಬ ಅನುಮಾನ ಬಂದು, ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ 830 ಮಂದಿ ಬಸುರಿಯರಿಗೆ ಸಕ್ಕರೆಯ ಪರೀಕ್ಷೆ ಮಾಡಿದರು; ನೂರಕ್ಕೆ ಆರು ಮಂದಿಯಲ್ಲಿ ಅದು ಏರಿತ್ತು. ಹೆರಿಗೆಯಾದ ಮೇಲೆ ಇಂಥವರ ಸಕ್ಕರೆ ಸಾಮಾನ್ಯವಾಗಿ ಇಳಿಯುತ್ತದೆ; ಮನೆಯವರು ನಿಟ್ಟುಸಿರುಬಿಟ್ಟು ಮರೆಯುತ್ತಾರೆ. ಐದು ವರ್ಷದ ಬಳಿಕ ಆ ತಾಯಂದಿರನ್ನೇ ಮತ್ತೆ ಪರೀಕ್ಷಿಸಿದಾಗ ಮೂರರಲ್ಲಿ ಒಬ್ಬಳಿಗಿಂತ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ನೆಲೆಗೊಂಡಿತ್ತು. ಬಸುರಿನಲ್ಲಿ ಸಕ್ಕರೆ ಏರದವರಲ್ಲಿ ಅದು ನೂರಕ್ಕೆ ಎರಡು.

ಅತ್ತಿಗೆ: ಹೆರಿಗೆ ಆಯಿತು, ಎಲ್ಲ ಸರಿಹೋಯಿತು ಎಂಬ ಮಾತನ್ನು ನಾನೇ ಎಷ್ಟು ಸಲ ಹೇಳಿದ್ದೇನೋ. ನಮ್ಮ ಸೊಸೆಗೆ ಏಳನೆಯ ತಿಂಗಳಲ್ಲಿ ಕಾಲು ಊದಿಕೊಂಡು ಬಿ.ಪಿ. ಏರಿದ್ದು ನಿನಗೆ ನೆನಪಿದೆಯಲ್ಲ? ಕಾಲು ಊದಿದರೆ ಗಂಡುಮಗು ಎಂದರು ಅಕ್ಕಪಕ್ಕದವರು.

ಮೈದುನ: ಅವಳ ಬಸುರಿನ ತಾಯಿ ಕಾರ್ಡು ಎಲ್ಲಿದೆ?

ಅತ್ತಿಗೆ: ಇಲ್ಲೇ ಗೋಡೆಗೂಡಿನಲ್ಲಿ. ಪಡಿತರ ಚೀಟಿ, ಪಹಣಿ, ತಂಬಾಕು ಮಂಡಳಿಯ ಲೈಸೆನ್ಸು, ಇವುಗಳ ಜೊತೆಗೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೇವೆ. ತೆಗೆ, ನೀನೇ ನೋಡು.

(ಚೀಲದಿಂದ ಹೊರಬಂದ ಕಾರ್ಡಿನ ಮಡಿಕೆಗಳು ಬಿಟ್ಟುಹೋಗುವುದರಲ್ಲಿದ್ದವು. ಮೂಲೆಯೊಂದರಲ್ಲಿ ಅರಿಸಿನದ ಕೈಯ ಗುರುತು. ಒಳಗೆ ತಿಂಗಳು ತಿಂಗಳಿಗೂ ಒಂದೊಂದು ಸಾಲು: ತೂಕ, ಬಿ.ಪಿ., ರಕ್ತ, ಮೂತ್ರ. ಐದನೆಯ ತಿಂಗಳ ತನಕ 110, 112 ಎಂದಿದ್ದ ಬಿ.ಪಿ. ಏಳನೆಯದರಲ್ಲಿ 150ಕ್ಕೆ ನೆಗೆದಿತ್ತು. ಮೂತ್ರದ ಕಲಮಿನಲ್ಲಿ ಎರಡು ಕೂಡುಗುರುತು. ಕೊನೆಯ ಪುಟದಲ್ಲಿ ಕೂಸಿನ ತೂಕ 2.1 ಕಿಲೋ. ಬರೆದವಳ ಕೈಬರಹ ದುಂಡಗೆ, ಬಹು ಅಚ್ಚುಕಟ್ಟು.)

ಮೈದುನ: ಇದು ಗರ್ಭನಂಜಿನ ಲಕ್ಷಣ. ಹೀಗಾದ ತಾಯಂದಿರಿಗೆ ಮುಂದೆ ಹೃದಯದ ಧಮನಿರೋಗ ಬರುವ ಸಂಭವ ಮಿಕ್ಕವರಿಗಿಂತ ಸುಮಾರು ಎರಡರಷ್ಟು, ಕಾಯಂ ರಕ್ತದೊತ್ತಡ ನಿಲ್ಲುವ ಸಂಭವ ಮೂರು ಪಟ್ಟಿಗೂ ಮಿಕ್ಕು ಎಂದು ಹಲವು ದೇಶಗಳ ಲೆಕ್ಕವನ್ನು ಒಟ್ಟುಗೂಡಿಸಿ 2007ರಲ್ಲಿ ತೋರಿಸಿದ್ದಾರೆ. 2011ರಲ್ಲಿ ಅಮೆರಿಕದ ಹೃದಯಸಂಘವು ಹೆಂಗಸರ ಹೃದ್ರೋಗದ ಅಪಾಯಗಳ ಪಟ್ಟಿಯಲ್ಲಿ ಗರ್ಭನಂಜನ್ನೂ ಬಸುರಿನ ಸಕ್ಕರೆಯನ್ನೂ ಸೇರಿಸಿತು. ಬಸುರೆಂಬುದು ಒಂಬತ್ತು ತಿಂಗಳ ಕಾಲ ಹೃದಯಕ್ಕೂ ಧಮನಿಗಳಿಗೂ ಪ್ರಕೃತಿಯೇ ಒಡ್ಡುವ ಪರೀಕ್ಷೆ. ಅದರಲ್ಲಿ ತಡವರಿಸಿದ ಧಮನಿಗಳ ದೌರ್ಬಲ್ಯವು ಹೆರಿಗೆಯೊಂದಿಗೆ ಮಾಯವಾಗುವುದಿಲ್ಲ, ಮರೆಯಾಗುತ್ತದೆ. ಗಂಡಸಿನ ಹೃದಯದ ವಿಚಾರವಾಗಿ ಇಪ್ಪತ್ತೈದು ವರ್ಷದ ಪ್ರಾಯದಲ್ಲಿ ಇಂಥ ಮುನ್ಸೂಚನೆ ಕೊಡುವ ದಾಖಲೆ ನಮ್ಮಲ್ಲಿ ಇಲ್ಲ. ಹೆಂಗಸಿಗೆ ಉಂಟು, ಸರ್ಕಾರವೇ ಅಚ್ಚುಹಾಕಿಸಿ ಕೊಟ್ಟಿದೆ, ಅದನ್ನು ನಾವು ಪಹಣಿಯ ಜೊತೆ ಚೀಲದಲ್ಲಿಟ್ಟು ಗೋಡೆಗೂಡಿಗೆ ಸೇರಿಸುತ್ತೇವೆ. ಪ್ರಸೂತಿ ವೈದ್ಯೆಯ ದೃಷ್ಟಿಯಲ್ಲಿ ಕೂಸು ಹುಟ್ಟಿದೊಡನೆ ಈ ಕಾರ್ಡಿನ ಆಯುಸ್ಸು ಮುಗಿಯಿತು; ಹೃದಯದ ವೈದ್ಯನ ಮುಂದೆ ಅವಳು ಕೂರುವ ಹೊತ್ತಿಗೆ ಕಾರ್ಡು ಇತ್ತೆಂಬುದೇ ಯಾರಿಗೂ ನೆನಪಿಲ್ಲ.

ಅತ್ತಿಗೆ: ಈಗ ಅವಳೇನು ಮಾಡಬೇಕು, ಅದನ್ನು ಹೇಳು. ಹೆದರಿಕೆ ಮಾತ್ರ ಹೇಳಿಹೋಗುವ ಡಾಕ್ಟರುಗಳು ನನಗೆ ಸೇರುವುದಿಲ್ಲ.

ಮೈದುನ: ವರ್ಷಕ್ಕೊಮ್ಮೆ ಬಿ.ಪಿ., ಸಕ್ಕರೆ, ತೂಕ. ಕೊಲೆಸ್ಟರಾಲ್ ಆಗೊಮ್ಮೆ ಈಗೊಮ್ಮೆ. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರದಂತೆ. ಉಪ್ಪು ದಿನಕ್ಕೆ ಒಬ್ಬರಿಗೆ ಒಂದು ಚಮಚದೊಳಗೆ. ಇದು ಉಪ್ಪೆಸರು, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ. ಇದರಲ್ಲಿ ವಿಶೇಷವೇನೂ ಇಲ್ಲ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಆಗತಕ್ಕದ್ದು. ಇದಕ್ಕಿಂತ ಕಷ್ಟದ್ದು ನಿಮ್ಮ ಹಿತ್ತಲಿನಲ್ಲಿದೆ.

ಅತ್ತಿಗೆ: ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ವಿಚಾರ ತೆಗೆಯುತ್ತೀಯೆಂದು ನನಗೆ ಗೊತ್ತಿತ್ತು.

ಮೈದುನ: ತೆಗೆಯದೆ ಹೇಗಿರಲಿ? ಹುಣಸೂರು, ಪಿರಿಯಾಪಟ್ಟಣ, ಕೋಟೆ, ಈ ಸೀಮೆಯ ಹೊಗೆಸೊಪ್ಪಿನಲ್ಲಿ ಎಲೆ ಕಟ್ಟುವವರು, ಗ್ರೇಡು ಮಾಡುವವರು ಯಾರು? ಮಂಜು ಆರದ ಹಸಿಯೆಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ದಿನವಿಡೀ ಕಡ್ಡಿಗೆ ಕಟ್ಟುವ ಹೆಂಗಸಿನ ಚರ್ಮದ ಮೂಲಕವೇ ನಿಕೋಟಿನ್ ಒಳಹೋಗುತ್ತದೆ. ತಲೆಸುತ್ತು, ವಾಕರಿಕೆ, ಎದೆ ಡವಡವ. ಬೀಡಿಯನ್ನು ಮುಟ್ಟದವಳಿಗೆ ಬೀಡಿಯ ವಿಷ.

ಅತ್ತಿಗೆ: ಎಲೆಯ ಅಂಟು ಕೈಗೆ ಹತ್ತಿದರೆ ಕರ್ರಗೆ ಕೂತುಬಿಡುತ್ತದೆ, ಸಾಬೂನಿಗೂ ಬಗ್ಗದು. ರಾತ್ರಿ ಮುದ್ದೆ ಮುರಿದರೆ ಮುದ್ದೆ ಕಹಿ. ಬೆಂಕಿ ಹಾಕಿದ ಮೇಲೆ ಐದಾರು ದಿನ ಹಗಲಿರುಳು ಬ್ಯಾರನ್ನಿನ ಒಲೆಗೆ ಸೌದೆ ಒಡ್ಡಬೇಕು; ಹೊಗೆ ಕೊಳವೆಯಲ್ಲಿ ಹೊರಟುಹೋಗುತ್ತದೆ ಎನ್ನುವವರು ಒಂದು ರಾತ್ರಿ ಒಲೆಯ ಬಾಯ ಮುಂದೆ ಕೂತು ನೋಡಲಿ. ಆ ಮೇಲೆ ಅಡುಗೆಯ ಒಲೆ. ಗ್ಯಾಸು ಇದೆ, ಆದರೆ ಸ್ನಾನದ ನೀರಿಗೂ ಮುದ್ದೆಗೂ ಸೌದೆಯೇ. ಇಷ್ಟರ ಮೇಲೆ ಎಲೆಯಡಿಕೆಗೆ ಒಂದು ಚಿಟಿಕೆ ಕಡ್ಡಿಪುಡಿ. ಅದಿಲ್ಲದೆ ನಡು ನೇರವಾಗುವುದಿಲ್ಲ ಎನ್ನುತ್ತಾರೆ.

ಮೈದುನ: ಅಗಿಯುವ ಹೊಗೆಸೊಪ್ಪು ಹೃದಯಾಘಾತದ ಸಂಭವವನ್ನು ಎರಡು ಪಟ್ಟಿಗೇರಿಸುತ್ತದೆಂಬುದೂ ಅದೇ ಇಂಟರ್‌ಹಾರ್ಟಿನ ಲೆಕ್ಕ. ಸೇದುವುದು ಗಂಡಸಿನ ಚಟ, ಅಗಿಯುವುದು ಹೆಂಗಸಿನ ಬಾಯಿಚಪಲ ಎಂದು ನಾವು ಮಾಡಿಕೊಂಡಿರುವ ವಿಂಗಡಣೆ ಧಮನಿಗೆ ಗೊತ್ತಿಲ್ಲ.

ಅತ್ತಿಗೆ: ಬಿಡಿಸುವುದಾದರೆ ಮೊದಲು ಕಡ್ಡಿಪುಡಿಯನ್ನು ಬಿಡಿಸು, ಸೊಪ್ಪು ಬೆಳೆಯುವುದನ್ನು ಬಿಡಿ ಎಂದು ಉಪದೇಶಿಸಬೇಡ. ಹರಾಜು ಕಟ್ಟೆಯಲ್ಲಿ ಬೇಲು ಬಿಕರಿಯಾದ ದಿನವೇ ಈ ಊರಿನಲ್ಲಿ ಸಾಲ ತೀರುವುದು, ಮಕ್ಕಳ ಫೀಸು ಕಟ್ಟುವುದು. ಬೇರೆ ಯಾವ ಬೆಳೆ ಆ ಹಣ ಕೊಡುತ್ತದೆ, ಹೇಳು? ಕೈಗೆ ಗ್ಲೌಸು, ಮೈಗೆ ಹಳೆಯ ತುಂಬುತೋಳಿನ ಅಂಗಿ, ಮಂಜು ಆರಿದ ಮೇಲೆ ಎಲೆ ಮುರಿಯುವುದು, ಇಷ್ಟನ್ನು ಮಾಡಿಸಿದರೆ ದೊಡ್ಡದು.

ಮೈದುನ: ಒಪ್ಪಿದೆ. ಇನ್ನೊಂದು ಮಾತು, ಸಂಕೋಚವಿಲ್ಲದೆ ಕೇಳುತ್ತೇನೆ: ಈ ಸುತ್ತಿನಲ್ಲಿ ಗರ್ಭಕೋಶ ತೆಗೆಸಿಕೊಂಡವರು ಎಷ್ಟು ಮಂದಿ?

ಅತ್ತಿಗೆ: ಲೆಕ್ಕ ಇಟ್ಟವರಾರು? ಬಿಳಿಮುಟ್ಟೆಂದರೆ ತೆಗೆಸು, ಹೊಟ್ಟೆನೋವೆಂದರೆ ತೆಗೆಸು. ಮೂವತ್ತೈದಕ್ಕೆ ತೆಗೆಸಿಕೊಂಡವರನ್ನು ನಾನು ಬಲ್ಲೆ. ಇನ್ನು ತಿಂಗಳ ರಗಳೆಯಿಲ್ಲ ಎಂದು ಅವರಿಗೆ ಸಮಾಧಾನ.

ಮೈದುನ: ಅಂಡಾಶಯವನ್ನೂ ಕೂಡಿಯೇ ತೆಗೆದಿದ್ದರೆ ಆ ಸಮಾಧಾನಕ್ಕೆ ಕೊಡುವ ಬೆಲೆ ದೊಡ್ಡದು. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 51ಕ್ಕೆ ನಿಲ್ಲುವ ಮುಟ್ಟು ನಮ್ಮವರಿಗೆ 46, 47ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಈಸ್ಟ್ರೋಜನ್ ಧಮನಿಗಳಿಗೆ ಕೊಡುತ್ತಿದ್ದ ಆಸರೆ ಅಲ್ಲಿಗೆ ತಪ್ಪಿ, ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಕೊಬ್ಬು ಸೊಂಟಕ್ಕೆ ಸರಿಯುತ್ತದೆ. ಮೂವತ್ತೈದಕ್ಕೇ ಅಂಡಾಶಯ ಹೋದವಳ ಧಮನಿಗಳು ಹತ್ತುಹನ್ನೆರಡು ವರ್ಷ ಮುಂಚಿತವಾಗಿ ಆ ಸ್ಥಿತಿಗೆ ಬಂದಂತಾಯಿತು. ತೆಗೆಸಲೇಬೇಕಾದ ಕಾಯಿಲೆಗಳುಂಟು, ಇಲ್ಲವೆನ್ನುವುದಿಲ್ಲ. ಏನೇನನ್ನು ತೆಗೆದರು ಎಂಬ ಒಂದು ಚೀಟಿಯನ್ನಾದರೂ ಕೇಳಿ ಪಡೆದಿರಬೇಕು.

ಅತ್ತಿಗೆ: ಇನ್ನೊಂದು ಚೀಟಿ. ಅದನ್ನೂ ಅದೇ ಪ್ಲಾಸ್ಟಿಕ್ ಚೀಲಕ್ಕೆ. ಆಗಲಿ. ಈಗ, ಒಂದು ವೇಳೆ ಬಂದೇಬಿಟ್ಟಿತು ಎನ್ನು. ಹೇಗೆ ಗೊತ್ತಾಗಬೇಕು? ಇಲ್ಲಿ ಎದೆಯಲ್ಲಿ ಏನಾದರೂ ಅದರ ಹೆಸರು ಗ್ಯಾಸ್ಟ್ರಿಕ್ಕು. ಒಂದು ಲೋಟ ಜೀರಿಗೆ ಕಷಾಯ, ಅದಕ್ಕೂ ಬಗ್ಗದಿದ್ದರೆ ಅಂಗಡಿಯ ಸೋಡಾ.

ಮೈದುನ: ಹೆಂಗಸರಿಗೆ ಎದೆನೋವೇ ಬರುವುದಿಲ್ಲವೆಂದು ಇತ್ತೀಚೆಗೆ ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಎದೆಯ ಬಿಗಿತ, ಭಾರ, ಉರಿ, ಅವರಿಗೂ ಇದೇ ಹೆಚ್ಚು. ಆದರೆ ಅದರೊಂದಿಗೆ ಉಬ್ಬಸ, ದವಡೆಯಲ್ಲಿ ಬೆನ್ನಿನಲ್ಲಿ ನೋವು, ವಾಂತಿ, ಎಂದೂ ಇಲ್ಲದ ಸುಸ್ತು, ತಣ್ಣನೆಯ ಬೆವರು ಇವು ಗಂಡಸರಿಗಿಂತ ಹೆಚ್ಚಾಗಿ ಕೂಡಿಕೊಂಡು ಬರುವುದರಿಂದ ಹೇಳುವವಳಿಗೂ ಕೇಳುವವರಿಗೂ ಗುರಿ ತಪ್ಪುತ್ತದೆ. ಅಂಥ ಹೊತ್ತಿನಲ್ಲಿ ಕಷಾಯ ಕುದಿಸುತ್ತ ಕೂರಬಾರದು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರ ನವೆಂಬರಿನಲ್ಲಿ ಸರ್ಕಾರ ಆರಂಭಿಸಿದ ಹೃದಯಜ್ಯೋತಿ ಯೋಜನೆಯ ಪ್ರಕಾರ, ಇಸಿಜಿಯನ್ನು ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಸರ್ಕಾರಿ ಆಸ್ಪತ್ರೆಯಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಮೈಸೂರು ಇಲ್ಲಿಂದ ಸುಮಾರು 60 ಕಿಲೋಮೀಟರು. ಮೊದಲನೆಯ ಗಂಟೆಯೊಳಗೆ ಕೊಟ್ಟ ಚುಚ್ಚುಮದ್ದು, ಮಾರನೆಯ ದಿನ ಮೈಸೂರಿನಲ್ಲಿ ಹಾಕಿಸುವ ಸ್ಟೆಂಟಿಗಿಂತ ಬೆಲೆಯುಳ್ಳದ್ದು.

ಅತ್ತಿಗೆ: ಮೊದಲನೆಯ ಗಂಟೆಯಲ್ಲಿ ಅವಳು ಏನು ಮಾಡುತ್ತಾಳೆ, ನಾನು ಹೇಳುತ್ತೇನೆ. ಗಂಡ ಹೊಲದಿಂದ ಬರಲಿ ಎಂದು ಕಾಯುತ್ತಾಳೆ. ಹಸು ಕರೆದು ಡೇರಿಗೆ ಹಾಲು ಹಾಕಿಯೇ ಹೋಗೋಣ ಎನ್ನುತ್ತಾಳೆ. ರಾತ್ರಿಗೆ ಅನ್ನ ಇಟ್ಟು, ಸೀರೆ ಬದಲಾಯಿಸಿ ಹೊರಡುತ್ತಾಳೆ. ಗಂಡಸಿಗೆ ಎದೆ ಹಿಡಿದರೆ ಬೀದಿಯೇ ಕಾರು ತರುತ್ತದೆ. ಆದ್ದರಿಂದ ನಿನ್ನ ಉಪನ್ಯಾಸವನ್ನೆಲ್ಲ ಹೆಂಗಸರಿಗೇ ಹೇಳಿ ಪ್ರಯೋಜನವಿಲ್ಲ. ಮುಟ್ಟಿನ ಲೆಕ್ಕ ಅವಳದು, ಮಕ್ಕಳ ಚುಚ್ಚುಮದ್ದಿನ ಲೆಕ್ಕ ಅವಳದು, ಸಂಘದ ಸಾಲದ ಕಂತಿನ ಲೆಕ್ಕ ಅವಳದು. ಇದರ ಮೇಲೆ ತನ್ನ ಧಮನಿಯ ಲೆಕ್ಕವನ್ನೂ ಅವಳೇ ಇಡಬೇಕೆಂದರೆ, ಅದನ್ನು ಅವಳು ಮೊಟ್ಟಮೊದಲು ಮರೆಯುತ್ತಾಳೆ. ಮಿಷನ್ ಆಸ್ಪತ್ರೆಯ ದಾದಿ ಬರೆದಿಟ್ಟಿದ್ದನ್ನು ನಮ್ಮಮ್ಮನ ಕೈಗೆ ಕೊಟ್ಟು ಕಳಿಸಿದ್ದರೆ ಅರುವತ್ತು ವರ್ಷದ ಮೇಲೆ ಯಾರಿಗೆ ಸಿಗುತ್ತಿತ್ತು? ಅದು ಉಳಿದದ್ದು ಆಸ್ಪತ್ರೆ ಇಟ್ಟುಕೊಂಡದ್ದರಿಂದ.

ಮೈದುನ: ನಾನು ಇಷ್ಟು ಹೊತ್ತು ಸುತ್ತಿ ಬಳಸಿ ಹೇಳಲು ಹೊರಟಿದ್ದನ್ನು ನೀವು ಒಂದೇ ಮಾತಿನಲ್ಲಿ ಹೇಳಿದಿರಿ. ಮೂವತ್ತು ದಾಟಿದವರಿಗೆಂದು ಆಶಾ ಕಾರ್ಯಕರ್ತೆ ಮನೆಮನೆಗೂ ಬಂದು ತುಂಬುವ ಫಾರಮ್ಮೊಂದಿದೆಯಲ್ಲ, ಅದರಲ್ಲಿ ಅಂಕ ಕೊಡುವ ಪ್ರಶ್ನೆಗಳು ಆರು: ವಯಸ್ಸು, ಹೊಗೆಸೊಪ್ಪು, ಮದ್ಯ, ಸೊಂಟದ ಸುತ್ತಳತೆ, ಮೈಯ ಚಟುವಟಿಕೆ, ಮನೆತನದ ಕಾಯಿಲೆ. ಅಡುಗೆಗೆ ಏನನ್ನು ಉರಿಸುತ್ತೀರಿ ಎಂದೂ ಇನ್ನೊಂದು ಕಡೆ ಕೇಳುತ್ತದೆ, ಮೆಚ್ಚತಕ್ಕದ್ದೇ. ಬಸುರಿನಲ್ಲಿ ಬಿ.ಪಿ. ಏರಿತ್ತೆ, ಸಕ್ಕರೆ ಏರಿತ್ತೆ, ಕೂಸು ಎಷ್ಟು ತೂಗಿತು, ಮುಟ್ಟು ಯಾವಾಗ ನಿಂತಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಆ ಆರರಲ್ಲಿ ಎಡೆಯಿಲ್ಲ. ತಾಯಿ ಕಾರ್ಡನ್ನು ತುಂಬಿದವಳೂ ಈ ಫಾರಮ್ಮನ್ನು ತುಂಬುವವಳೂ ಒಂದೇ ಆರೋಗ್ಯ ಕೇಂದ್ರದವರು.

ಅತ್ತಿಗೆ: ಆಶಾ ಕಾರ್ಯಕರ್ತೆ ಸೋಮವಾರ ಬರುತ್ತಾಳೆ; ನನ್ನ ಹತ್ತಿರ ನಾಲ್ಕನೆಯ ತರಗತಿ ಓದಿದ ಹುಡುಗಿ. ನಮ್ಮ ಸೊಸೆಯ ಬಿ.ಪಿ. ನೋಡಿಸಿ, ಆ ನಾಲ್ಕನ್ನೂ ಬರೆ ಎನ್ನುತ್ತೇನೆ. ಕಾಲಮ್ಮಿಲ್ಲ ಮಿಸ್ ಎನ್ನುತ್ತಾಳೆ, ನೋಡು ಬೇಕಾದರೆ.

ಮೈದುನ: ಎಂದರೆ?

ಅತ್ತಿಗೆ: ಅಂಚಿನಲ್ಲಿ ಬರೆ ಎನ್ನುತ್ತೇನೆ. ಅಂಚು ಬಿಟ್ಟು ಬರೆಯುವುದನ್ನು ನಾನೇ ಕಲಿಸಿದ್ದೇನೆ.